ಎರಡು ಆಲೂಗಡ್ಡೆ ಸೂಪು

ಮಾರ್ಚ್ ೪, ಮಂಗಳವಾರ

ನಾಚಿಕೆಗೆಟ್ಟವಳು ನಾನು. ಗಂಡ ಮೂಗಿಗೆ ಪೈಪು ಹಾಕಿಸಿಕೊಂಡು ಮಲಗಿದ್ದಾರೆ, ನಾನು ಎರಡು ಬಟ್ಟಲು ಸೂಪು ಹೊಡೆದು ಬಂದು ಕೂತಿದ್ದೇನೆ.

ಎರಡು ಬೇಕೆಂದು ಹೋದವಳೇನಲ್ಲ. ಊರವರೆಲ್ಲ ದೊಡ್ಡಮ್ಮ ಅನ್ನುವವರ ಹೋಟೆಲಿನಲ್ಲಿ ಅಡುಗೆಮನೆ ಕಿಟಕಿಯ ಮುಂದೆ ನಿಂತು ಏನು ಬೇಕೋ ಹೇಳಬೇಕು. ಅಲ್ಲಿ ನಿಂತ ಕೂಡಲೇ ನನ್ನ ಬಾಯಿ ನನ್ನನ್ನು ಕೇಳದೆ "ಎರಡು ಆಲೂಗಡ್ಡೆ ಸೂಪು" ಎಂದುಬಿಟ್ಟಿತು. ಸಂಜೆ ನಮ್ಮ ಅಂಗಡಿ ಮುಚ್ಚಿದ ಮೇಲೆ ನಾವಿಬ್ಬರೂ ಅಲ್ಲಿಗೆ ಹೋಗುವುದು, ನಾನು ಹಾಗೆ ಹೇಳುವುದು, ಇವರು ಹಿಂದೆ ನಿಂತು ತಲೆಯಾಡಿಸುವುದು, ವರ್ಷಗಟ್ಟಲೆಯ ರೂಢಿ. ದೊಡ್ಡಮ್ಮನೂ ರೂಢಿಯ ಮೇಲೆ ತಲೆ ಎತ್ತಿ ನೋಡದೆ ಎರಡು ಬಟ್ಟಲು ತುಂಬಿಸಿ ಮುಂದಕ್ಕೆ ತಳ್ಳಿದರು. ಆಗ ಹಿಂದೆ ತಿರುಗಿ ನೋಡಿದೆ. ಒಂದು ವಾಪಸ್ ತೆಗೆದುಕೊಳ್ಳಿ ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ. ಮೂಲೆಯ ಮೇಜಿಗೆ ಹೊತ್ತುಕೊಂಡು ಹೋಗಿ, ಒಂದಾದ ಮೇಲೊಂದು, ತಳ ಕೆರೆದು ಮುಗಿಸಿದೆ. ಕೆಂಪಗೆ ಹುರಿದ ಬೆಳ್ಳುಳ್ಳಿ, ಮೇಲೆ ಕುಟ್ಟಿದ ಮೆಣಸು, ಪಕ್ಕದಲ್ಲಿ ಬೆಣ್ಣೆಯಲ್ಲಿ ಕಾಯಿಸಿದ ಬ್ರೆಡ್ಡು. ಎರಡು ತಿಂಗಳಾದ ಮೇಲೆ ಮೊದಲ ಸಲ ಹೊಟ್ಟೆಗೆ ಏನೋ ಹೋಯಿತು ಅನ್ನಿಸಿತು. ಅನ್ನಿಸಿದ್ದಕ್ಕೇ ಮೈಯೆಲ್ಲ ಉರಿಯಿತು.

ಜನವರಿಯಲ್ಲಿ ಇವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಅರ್ಧಂಬರ್ಧ. ಬಾಯಿಯ ಒಂದು ತುದಿ ಜೋತುಬಿದ್ದಿದೆ, ಮಾತು ತೊದಲು. ನುಂಗುವುದು ಪೂರ್ತಿ ನಿಂತಿದೆ. ಒಂದು ಗುಟುಕು ನೀರು ಕೊಟ್ಟರೂ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದಂತೆ. ಹೊಟ್ಟೆಗೆ ಹೋಗುವುದೆಲ್ಲ ಮೂಗಿನ ಪೈಪಿನಲ್ಲಿ, ಪುಡಿ ಕಲಸಿದ ಬಿಳಿ ನೀರು.

ಮನೆಯಲ್ಲಿ ನಾನು ಒಲೆ ಹಚ್ಚುವುದನ್ನೇ ಬಿಟ್ಟಿದ್ದೇನೆ. ಒಗ್ಗರಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಇವರ ಕಣ್ಣು ಅಡುಗೆಮನೆಯ ಬಾಗಿಲಿಗೆ ತಿರುಗುತ್ತದೆ. ಆ ಕಣ್ಣಿನೆದುರು ಯಾವ ಬಾಯಲ್ಲಿ ತಿನ್ನಲಿ? ಬಿಸ್ಕತ್ತು ನೀರಲ್ಲಿ ಅದ್ದಿಕೊಂಡು ಬಚ್ಚಲುಮನೆಯಲ್ಲಿ ನಿಂತು ತಿಂದಿದ್ದೂ ಉಂಟು. ಇವತ್ತು ತಲೆಸುತ್ತು ಬಂದು ಗೋಡೆ ಹಿಡಿದೆ. ಎದುರುಮನೆಯ ಅಜ್ಜ ನೋಡಿ ಗದರಿದರು, ಸಂಜೆ ಹೊತ್ತು ನಾನು ಪೇಪರ್ ಓದಿಕೊಂಡು ಇವರ ಹತ್ತಿರ ಕೂತಿರುತ್ತೇನೆ, ನೀನು ಹೋಗಿ ಎಲ್ಲಾದರೂ ಊಟ ಮಾಡು ಅಂದರು. ಹೋದೆ.

ಹೋಟೆಲಿನಲ್ಲಿ ಸಲೂನಿನ ತಮ್ಮ ಇದ್ದ, ನನ್ನನ್ನು ಅಕ್ಕ ಅನ್ನುವ ಹುಡುಗ, ಪಕ್ಕದ ಮೇಜಿನ ಖಾಯಂ ಗಿರಾಕಿ. ಭಾವ ಎಲ್ಲಿ, ಕುಶನ್ ಅಂಗಡಿ ಬಾಗಿಲು ಹಾಕಿ ಎಷ್ಟು ದಿನ ಆಯ್ತು ಅಂತ ಕೇಳಿದ. ಅವರಕ್ಕನ ಊರಿಗೆ ಹೋಗಿದ್ದಾರೆ ಅಂದೆ. ನಿಜ ಹೇಳಿದ್ದರೆ ಇಡೀ ಹೋಟೆಲು ಚಮಚ ಕೆಳಗಿಟ್ಟು ನನ್ನ ಮುಖ ನೋಡುತ್ತಿತ್ತು. ನೋಡಿದ್ದರೆ ನನಗೂ ನುಂಗಲು ಆಗುತ್ತಿರಲಿಲ್ಲ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ಬೆಳಗಿನಿಂದ ಸಂಜೆವರೆಗೆ ಅಂಗಡಿಯಲ್ಲಿ ಇವರ ಕಿವಿಯಲ್ಲಿ ಮಾತು ಸುರಿದು ಅಭ್ಯಾಸವಾದವಳು. ಇವರು ಕುರ್ಚಿಗೆ ರೆಕ್ಸಿನ್ ಹೊಡೆಯುವಾಗ ತುಟಿಗಳ ನಡುವೆ ಸಣ್ಣ ಮೊಳೆಗಳನ್ನು ಸಾಲಾಗಿ ಹಿಡಿದಿರುತ್ತಿದ್ದರು, ಒಂದೊಂದೇ ತೆಗೆದು ಬಡಿಯುತ್ತಿದ್ದರು. ಹಾಗಾಗಿ ಗಿರಾಕಿಗಳ ಹತ್ತಿರ ಮಾತೆಲ್ಲ ನನ್ನದೇ. ಈಗ ಇವರು ಬೇಗ ನಿದ್ದೆ ಹೋಗುತ್ತಾರೆ. ಮಾತಾಡದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ.

ಮಾರ್ಚ್ ೭, ಶುಕ್ರವಾರ

ಆಸ್ಪತ್ರೆಯವರು ಒಬ್ಬಳನ್ನು ಮನೆಗೆ ಕಳಿಸಿದ್ದಾರೆ. ಮಾತು ಮತ್ತು ನುಂಗುವುದನ್ನು ಕಲಿಸುವವಳಂತೆ. ನುಂಗುವುದಕ್ಕೂ ಒಬ್ಬ ಟೀಚರು! ಹುಟ್ಟಿದ ಕೂಸಿಗೆ ಯಾರಮ್ಮ ಹೇಳಿಕೊಟ್ಟಿದ್ದು?

ಇನ್ನೂ ಚಿಕ್ಕ ವಯಸ್ಸು, ಬೆನ್ನಿಗೆ ಚೀಲ, ಚೀಲದಲ್ಲಿ ಒಂದು ಟಾರ್ಚು, ಒಂದು ಕಟ್ಟು ಚಮಚ. ಇವರ ಎದುರು ಕೂತು ಗಲ್ಲ ಎದೆಗೆ ತಾಗಿಸಿ ಉಗುಳು ನುಂಗಿಸಿದಳು. ತುಟಿ ಕೂಡಿಸಿ ಪ, ಬ, ಮ ಹೇಳಿಸಿದಳು. ಹೇಗಿದೆ ಇವತ್ತು ಅಂತ ಕೇಳಿದಳು. ಇವತ್ತು ಸ್ವಲ್ಪ ಸುಸ್ತು, ನಿದ್ದೆ ಸರಿಯಾಗಿಲ್ಲ ಅಂದೆ. ಅವಳು ನನ್ನ ಕಡೆ ನೋಡಿ ನಕ್ಕು, ಮತ್ತೆ ಇವರನ್ನೇ ನೋಡುತ್ತ ಕೂತಳು. ನಾನು ಹೇಳಿದ್ದು ಕೇಳಿಸಲಿಲ್ಲವೇನೋ.

ಮಾರ್ಚ್ ೧೨, ಬುಧವಾರ

ದಿನಾ ಸಂಜೆ ಹೋಟೆಲಿಗೆ ಹೋಗುವುದು ಈಗ ನಿಗದಿಯಾಗಿದೆ. ಒಂದೇ ಸೂಪು ಅನ್ನುವುದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗುತ್ತೇನೆ.

ಆ ದೊಡ್ಡಮ್ಮನೂ ಒಂದು ವಿಚಿತ್ರ ಹೆಂಗಸು. ಅಲ್ಲಿ ಇರುವುದೇ ಎರಡು ದೊಡ್ಡ ಪಾತ್ರೆ. ಒಂದರಲ್ಲಿ ಆಲೂಗಡ್ಡೆ ಸೂಪು, ಇನ್ನೊಂದರಲ್ಲಿ ಕುಂಬಳಕಾಯಿಯದು. ಇನ್ನು ಅನ್ನ, ಮೊಟ್ಟೆ, ಬ್ರೆಡ್ಡು. ಇಷ್ಟಕ್ಕೆ ಅವರ ಕಟ್ಟುನಿಟ್ಟು ನೋಡಬೇಕು. ತಿನ್ನುವವರೇ ಬಂದು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರ ಪರವಾಗಿ ಹೇಳಿದರೆ ಸೌಟು ಎತ್ತುವುದಿಲ್ಲ. ಇವತ್ತು ಒಬ್ಬಾಕೆ ತನ್ನ ಅತ್ತೆಗೆ ಕುಂಬಳಕಾಯಿ ಸೂಪು ಕೇಳಿದಳು. ಅತ್ತೆಗೂ ಬಾಯಿದೆಯಲ್ಲ ಅಂತ ಆ ಮುದುಕಿಯನ್ನು ಎಬ್ಬಿಸಿ ಕಿಟಕಿಗೆ ಕರೆಸಿದರು. ಮುದುಕಿ ಮೊಟ್ಟೆ ಅನ್ನ ಅಂತು. ಸೊಸೆಯ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಇವರನ್ನೂ ಹೀಗೇ ದುರುಗುಟ್ಟಿ ನೋಡುತ್ತಿದ್ದರು, ಆದರೆ ಇವರು ಜೋರಾಗಿ ತಲೆಯಾಡಿಸುತ್ತಿದ್ದರಿಂದ ನಮ್ಮದು ಹೇಗೋ ನಡೆದುಹೋಗುತ್ತಿತ್ತು. ಅಷ್ಟಕ್ಕೂ ಇವರನ್ನು ಏನು ಕೇಳುವುದು? ಇವರಿಗೆ ಏನು ಬೇಕೆಂದು ನನಗೆ ಗೊತ್ತಿಲ್ಲವೇ?

ಇನ್ನೊಂದು ವಿಷಯ. ಈಚೆಗೆ ನನ್ನ ಬ್ರೆಡ್ಡಿಗೆ ಬೆಣ್ಣೆ ಜಾಸ್ತಿ ಬೀಳುತ್ತಿದೆ. ಸಲೂನಿನ ತಮ್ಮ ನಾನು ಹೋದ ಕೂಡಲೇ ಎದ್ದು ಕುರ್ಚಿ ಎಳೆದುಕೊಡುತ್ತಾನೆ. ಪೋಸ್ಟಾಫೀಸಿನ ಹೆಂಗಸರಿಬ್ಬರು ನನ್ನನ್ನು ನೋಡಿ ದನಿ ತಗ್ಗಿಸಿದರು. ಏನಾಗಿದೆ ಇವರಿಗೆಲ್ಲ?

ಮಾರ್ಚ್ ೧೮, ಮಂಗಳವಾರ

ಇವತ್ತು ಇವರು ನುಂಗಿದರು.

ಟೀಚರಮ್ಮ ಒಂದು ಚಮಚ ಬಾಳೆಹಣ್ಣು ನುಣ್ಣಗೆ ಕಿವುಚಿ ಕೊಟ್ಟಳು. ಗಲ್ಲ ಕೆಳಗೆ, ಉಸಿರು ಹಿಡಿದು, ಒಂದು ಸಲ, ಆಮೇಲೆ ಖಾಲಿ ಬಾಯಲ್ಲಿ ಇನ್ನೊಂದು ಸಲ. ಇವರ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. ನಾನು ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದೆ, ನಾನೂ ಜೊತೆಗೆ ನುಂಗಿದೆ.

ತೆಳ್ಳಗಿನದು ಏನೂ ಕೂಡದು, ಗಟ್ಟಿಯಾಗಿ ನುಣ್ಣಗಿರಬೇಕು ಅಂದಳು. ಎಷ್ಟು ಗಟ್ಟಿ ಅಂತ ಕೇಳಿದೆ. ಚಮಚ ಓರೆ ಮಾಡಿದರೆ ಸುರಿಯಬಾರದು, ನಿಧಾನಕ್ಕೆ ಜಾರಬೇಕು ಅಂತ ತೋರಿಸಿದಳು. ಅಯ್ಯೋ, ಇದು ನಮ್ಮ ಫೋಮು ಅಂಟಿಸುವ ಗೋಂದಿನ ಹದ ಅಂದೆ. ಇವರ ಬಾಯಿಯ ಎಡತುದಿ ಮೇಲೆ ಹೋಯಿತು. ನಕ್ಕರು. ನಾನೇ ಬಕೆಟ್ಟಿನಲ್ಲಿ ಕಡ್ಡಿ ಅದ್ದಿ ಹದ ನೋಡುತ್ತಿದ್ದವಳು, ಅದನ್ನು ನೆನೆಸಿಕೊಂಡಿರಬೇಕು.

ಅವಳು ಇನ್ನೊಂದು ಮಾತು ಹೇಳಿದಳು. ತಿನ್ನುವಾಗ ಕೆಮ್ಮು ಬಂದರೆ ಹೆದರಬೇಡಿ, ದಾರಿ ತಪ್ಪಿದ್ದನ್ನು ಹೊರಗೆ ಹಾಕುವುದಕ್ಕೇ ಕೆಮ್ಮು ಇರುವುದು, ಅವರಿಗೆ ಕೆಮ್ಮುವ ಶಕ್ತಿ ಬಂದಿದೆ ಅನ್ನುವುದೇ ಖುಷಿಯ ವಿಷಯ. ಬೆನ್ನಿಗೆ ಹೊಡೆಯುವುದು, ನೀರು ಕುಡಿಸುವುದು ಮಾಡಬೇಡಿ, ಅವರೇ ಸುಧಾರಿಸಿಕೊಳ್ಳಲಿ ಅಂದಳು. ತಲೆಯಾಡಿಸಿದೆ.

ಸಂಜೆ ಸೂಪಿಗೆ ಏನು ರುಚಿ!

ಮಾರ್ಚ್ ೨೫, ಮಂಗಳವಾರ

ಪೈಪು ತೆಗೆದರು. ಮೂಗಿನ ಪಕ್ಕದಲ್ಲಿ ಪಟ್ಟಿ ಅಂಟಿಸಿದ್ದ ಜಾಗ ಕೆಂಪಗೆ ಉಳಿದಿದೆ. ಕನ್ನಡಿ ತೋರಿಸಿದೆ, ತುಂಬಾ ಹೊತ್ತು ನೋಡಿಕೊಂಡರು.

ಮಧ್ಯಾಹ್ನ ನಾನೇ ಪುಡಿ ಕಲಸಿ, ಗೋಂದಿನ ಹದಕ್ಕೆ ತಂದು, ಮೊದಲ ಊಟ ಕೊಟ್ಟೆ. ನಾಲ್ಕನೇ ಚಮಚಕ್ಕೆ ಕೆಮ್ಮು ಹತ್ತಿತು. ಮುಖ ಕಪ್ಪಿಟ್ಟಿತು, ಕಣ್ಣಲ್ಲಿ ನೀರು. ಟೀಚರಮ್ಮ ಹೇಳಿದ್ದೆಲ್ಲ ಎಲ್ಲಿ ಹಾರಿಹೋಯಿತೋ, ಬೆನ್ನಿಗೆ ದಬದಬ ಬಡಿದೆ, ಕಿರುಚಿದೆ, ಎದುರುಮನೆಯ ಅಜ್ಜ ಓಡಿಬಂದರು. ಅಷ್ಟರಲ್ಲಿ ಕೆಮ್ಮು ನಿಂತಿತ್ತು. ಜನವರಿಯ ಆ ಬೆಳಗ್ಗೆ ಸುತ್ತಿಗೆ ಕೈಜಾರಿ ಬಿದ್ದಾಗ ಇವರಿಗಿದ್ದ ಮುಖ ಇದೇ.

ಇನ್ನು ಮೇಲೆ ನಾನೇ ತಿನ್ನಿಸುತ್ತೇನೆ. ಅರ್ಧರ್ಧ ಚಮಚ. ಬೇರೆ ಯಾರ ಕೈಗೂ ಕೊಡುವುದಿಲ್ಲ, ಇವರ ಕೈಗೂ ಕೊಡುವುದಿಲ್ಲ.

ಮಾರ್ಚ್ ೩೦, ಭಾನುವಾರ

ಬೆಳಗ್ಗೆ ಐದು ಅರ್ಧಚಮಚ. ಮಧ್ಯಾಹ್ನ ಮೂರು. ಸಂಜೆ ಬಾಯಿಯನ್ನೇ ತೆರೆಯಲಿಲ್ಲ.

ನುಂಗಿ ನುಂಗಿ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ.

ಏಪ್ರಿಲ್ ೨, ಬುಧವಾರ

ಇವತ್ತು ಹೋಟೆಲಿನಲ್ಲಿ ನನ್ನ ಮಾನ ನಾನೇ ಹರಾಜು ಹಾಕಿ ಬಂದೆ. ಹೋಗಲಿ, ಒಂದು ಭಾರ ಇಳಿಯಿತು.

ಸೂಪು ಮುಂದಿಟ್ಟುಕೊಂಡು ಕೂತಿದ್ದೆ. ಸಲೂನಿನ ತಮ್ಮ ಎದುರಿಗೆ ಬಂದು ಕೂತ. ಸುತ್ತಿ ಬಳಸಿ ಏನೇನೋ ಶುರುಮಾಡಿದ, ಜೀವನ ದೊಡ್ಡದು, ಕೈಯಲ್ಲಿ ಕಸುಬಿದೆ, ಅಂಗಡಿ ತೆಗೆಯಿರಿ, ನಾವೆಲ್ಲ ಇದ್ದೇವೆ ಅಂತ. ನನಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ದನಿ ಇಳಿಸಿ, "ಹೋಗೋರು ಹೋಗ್ತಾರೆ ಅಕ್ಕಾ. ಅಂಥೋರಿಗೋಸ್ಕರ ನೀವ್ಯಾಕೆ ಹೀಗೆ ಸೊರಗ್ತೀರಾ?" ಅಂದ.

ಆಗ ಗೊತ್ತಾಯಿತು. ಇವರು ನನ್ನನ್ನು ಬಿಟ್ಟು ಓಡಿಹೋಗಿದ್ದಾರೆ ಅಂತ ಇಡೀ ಹೋಟೆಲು ತೀರ್ಮಾನ ಮಾಡಿದೆ! ಬೆಣ್ಣೆ ಜಾಸ್ತಿಯಾದದ್ದು ಅದಕ್ಕೆ. ಪೋಸ್ಟಾಫೀಸಿನವರ ಪಿಸುಮಾತು ಅದಕ್ಕೆ. ಬಾಯಲ್ಲಿ ಮೊಳೆ ಕಚ್ಚಿಕೊಂಡು, ತಲೆ ತಗ್ಗಿಸಿ, ಒಂದು ದಿನಕ್ಕೂ ಒಬ್ಬರ ತಂಟೆಗೆ ಹೋಗದ ಮನುಷ್ಯ. ಅವರ ಮೇಲೆ ಈ ಅಪವಾದ. ಪಿತ್ತ ನೆತ್ತಿಗೇರಿತು.

ಎದ್ದು ನಿಂತು ಎಲ್ಲವನ್ನೂ ಒದರಿಬಿಟ್ಟೆ. ಲಕ್ವ, ಪೈಪು, ಪುಡಿ, ಕೆಮ್ಮು, ಬಚ್ಚಲುಮನೆಯ ಬಿಸ್ಕತ್ತು. ಅವರು ನಡೆದು ಓಡಿಹೋಗುವ ಹಾಗಿದ್ದರೆ ನಾನು ದೇವರಿಗೆ ಕೈಮುಗಿಯುತ್ತಿದ್ದೆ ಅಂದೆ. ಅಂದುಕೊಂಡಂತೆ ಎಲ್ಲರೂ ಚಮಚ ಕೆಳಗಿಟ್ಟರು. ಸಲೂನಿನ ತಮ್ಮನ ಮುಖ ಬಿಳಿಚಿಕೊಂಡಿತು. ನಾನು ಕೂತು, ಅಳುತ್ತಲೇ ಬ್ರೆಡ್ಡು ತಿಂದೆ. ನುಂಗಲಾಗುವುದಿಲ್ಲ ಅಂದುಕೊಂಡಿದ್ದೆ, ಚೆನ್ನಾಗಿಯೇ ಇಳಿಯಿತು.

ಆಮೇಲೆ ದೊಡ್ಡಮ್ಮ ಅಡುಗೆಮನೆಯಿಂದ ಹೊರಗೆ ಬಂದರು. ಅವರ ಸೊಂಟದಿಂದ ಕೆಳಗಿನ ಭಾಗವನ್ನು ನಾನು ನೋಡಿದ್ದೇ ಇವತ್ತು. ಪಕ್ಕದಲ್ಲಿ ಕೂತು, ಡಾಕ್ಟರು ಏನೇನು ತಿನ್ನಬಹುದು ಅಂದಿದ್ದಾರೆ ಅಂತ ವಿಚಾರಿಸಿಕೊಂಡರು. ನುಣ್ಣಗೆ ಗಟ್ಟಿಯಾಗಿ ಇರುವುದು ಅಂದೆ. ನನ್ನ ಸೂಪನ್ನ ಎಷ್ಟು ಗಟ್ಟಿ ಬೇಕಾದರೂ ಮಾಡಬಹುದು ಅಂದರು. ನನಗೆ ಜೀವ ಬಂತು. ಹಾಗಾದರೆ ಒಂದು ಡಬ್ಬಿ ತುಂಬಿಸಿಕೊಡಿ, ಆಲೂಗಡ್ಡೆಯದು, ಇವರಿಗೆ ಅದೇ ಇಷ್ಟ ಅಂದೆ.

"ತಿನ್ನೋನು ಬಂದು ಹೇಳ್ಲಿ, ಕೊಡ್ತೀನಿ," ಅಂದರು ದೊಡ್ಡಮ್ಮ.

ಎಂಥ ಕಲ್ಲುಮನಸ್ಸು! ನೆಟ್ಟಗೆ ನಾಲ್ಕು ಹೆಜ್ಜೆ ಇಡಲಾಗದವರು, ಎರಡು ಮಾತು ಕೂಡಿಸಲಾಗದವರು, ಅವರು ಬಂದು ಇವಳ ಕಿಟಕಿಯ ಮುಂದೆ ನಿಂತು ಅರ್ಜಿ ಹಾಕಬೇಕಂತೆ. ಎದ್ದು ಬಂದೆ. ಇನ್ನು ಆ ಹೋಟೆಲಿನ ಮೆಟ್ಟಿಲು ತುಳಿಯುವುದಿಲ್ಲ.

ಏಪ್ರಿಲ್ ೫, ಶನಿವಾರ

ಟೀಚರಮ್ಮ ತೂಕದ ಯಂತ್ರ ತಂದಿದ್ದಳು. ಇವರು ಇಳಿದಿದ್ದಾರೆ. ಕಾಲರಿನೊಳಗೆ ಕತ್ತು ಅಲ್ಲಾಡುತ್ತಿದೆ, ಅದಕ್ಕೆ ಯಂತ್ರ ಯಾಕೆ ಬೇಕಿತ್ತು?

ಮುಂದಿನ ವಾರವೂ ಹೀಗೇ ಆದರೆ ಮತ್ತೆ ಪೈಪು ಅಂದಳು. ಈ ಸಲ ಮೂಗಿಗಲ್ಲ, ಹೊಟ್ಟೆಗೇ ತೂತು ಮಾಡಿ ಹಾಕುತ್ತಾರಂತೆ. ನಾನೇನು ಕಡಿಮೆ ಮಾಡಿದ್ದೇನೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳುತ್ತಿದ್ದೇನೆ, ಇವರಿಗೇ ನುಂಗಲಾಗುವುದಿಲ್ಲ ಅಂತ ಜಗಳಕ್ಕೇ ಹೋದೆ. ಆ ಹುಡುಗಿ ಸಮಾಧಾನವಾಗಿ, ನುಂಗುವುದು ಅವರಿಗೆ ಚೆನ್ನಾಗಿ ಬರುತ್ತಿದೆ, ಅವರು ಬೇಡ ಅಂತ ಬಿಡುತ್ತಿದ್ದಾರೆ ಅಂದಳು. ಆಮೇಲೆ ಇವರ ಕಡೆ ತಿರುಗಿ, ಯಾಕೆ ತಿನ್ನುತ್ತಿಲ್ಲ ಅಂತ ಕೇಳಿದಳು.

ಹಸಿವಿಲ್ಲ, ಅದಕ್ಕೇ ಅಂದೆ ನಾನು.

"ಅಮ್ಮಾ, ನಾನು ಅವರನ್ನ ಕೇಳಿದ್ದು," ಅಂದಳು.

ನನಗೆ ನಾಲಿಗೆ ತುರಿಸಿ ತುರಿಸಿ ಸಾಕಾಯಿತು, ಸೆರಗಿನ ತುದಿ ಕಚ್ಚಿಕೊಂಡು ಕೂತೆ. ಇವರು ತುಟಿ ಕೂಡಿಸಿದರು, ಬಿಟ್ಟರು, ಮತ್ತೆ ಕೂಡಿಸಿದರು. ಕೊನೆಗೆ, "ಹೊ... ರಗೆ," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಮನು... ಷ್ಯರ ಹಾಗೆ," ಅಂದರು.

ಹೊರಗೆ ಹೋಗಿ ಮನುಷ್ಯರ ಹಾಗೆ ತಿನ್ನಬೇಕು ಅಂತ. ನನಗೆ ಅಷ್ಟು ನೋವಾಯಿತು, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿಕೊಂಡು ತೊಳೆದೆ. ಮೂರು ತಿಂಗಳಿಂದ ನಾನು ಮಾಡಿದ್ದು ಏನು ಹಾಗಾದರೆ? ತೊಳೆದದ್ದನ್ನೇ ಇನ್ನೊಂದು ಸಲ ತೊಳೆದೆ. ಟೀಚರಮ್ಮ ಹೊರಡುವಾಗ ಬಾಗಿಲಲ್ಲಿ ನಿಂತು, ಕರೆದುಕೊಂಡು ಹೋಗಿ, ಕೂರಿಸಿ, ಚಮಚ ಅವರ ಕೈಗೇ ಕೊಡಿ ಅಂದಳು. ಕೆಮ್ಮು ಬಂದರೆ ಅಂದೆ. ಕೆಮ್ಮಲಿ ಅಂದಳು.

ಏಪ್ರಿಲ್ ೯, ಬುಧವಾರ

ಸಲೂನಿನ ತಮ್ಮ ಮನೆಗೇ ಬಂದ. ಕತ್ತಿ, ಬ್ರಷ್ಷು, ಬಿಳಿ ಬಟ್ಟೆ ಎಲ್ಲ ತಂದಿದ್ದ. ಕ್ಷಮೆ ಕೇಳುವುದು ಅವನಿಗೆ ಬರುವುದಿಲ್ಲ, ಗಡ್ಡ ಮಾಡುವುದು ಬರುತ್ತದೆ. ನಾನೂ ಮುಖ ಗಂಟು ಹಾಕಿಕೊಂಡೇ ಬಿಸಿನೀರು ಕೊಟ್ಟೆ.

ಅವನ ಬಾಯಿ ನನಗಿಂತ ಒಂದು ಕೈ ಹೆಚ್ಚು. ಭಾವ, ಮೀಸೆ ಸಣ್ಣ ಮಾಡಲಾ, ದಪ್ಪ ಬಿಡಲಾ? ಕಿವಿ ಮೇಲೆ ಎತ್ತಿ ಹೊಡೆಯಲಾ? ಪ್ರತಿಯೊಂದಕ್ಕೂ ಕತ್ತಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಉತ್ತರ ಬರುವವರೆಗೆ ನಿಂತಿರುತ್ತಿದ್ದ. ಮೀಸೆ ಹೇಗೆ ಬೇಕೆಂದು ನಾನು ಹೇಳುವುದರಲ್ಲಿದ್ದೆ, ಸೋಪಿನ ನೊರೆ ಮುಖದ ತುಂಬ ಇಟ್ಟುಕೊಂಡು ಇವರೇ, "ದ... ಪ್ಪ," ಅಂದರು. ನಾನು ಸಣ್ಣ ಅನ್ನುವವಳಿದ್ದೆ.

ಗಡ್ಡ ಹೋದ ಮೇಲೆ ಕೆನ್ನೆಯ ಗುಳಿ ಇನ್ನೂ ಎದ್ದು ಕಂಡಿತು. ಬೇಯಿಸಿದ ಕ್ಯಾರೆಟ್ಟನ್ನು ನುಣ್ಣಗೆ ಹಿಸುಕಿ ಕೊಟ್ಟೆ, ನಾಲ್ಕು ಚಮಚಕ್ಕೆ ಮುಖ ತಿರುಗಿಸಿದರು. ಸಂಜೆ ಎದುರುಮನೆಯ ಅಜ್ಜನನ್ನು ಕೂರಿಸಿ, ಅಂಗಡಿಗೆ ಹೋಗಿ ಗುಡಿಸಿ ಬಂದೆ. ಹಾಗೇ ಮುಂದೆ ನಡೆದು ಹೋಟೆಲಿನ ಕಿಟಕಿಯ ಹತ್ತಿರವೂ ಹೋದೆ. ಮೆಟ್ಟಿಲು ತುಳಿಯುವುದಿಲ್ಲ ಅಂದಿದ್ದೆ, ಸರಿ, ಅಂದಿದ್ದೆ. ಶುಕ್ರವಾರ ಕರೆದುಕೊಂಡು ಬರುತ್ತೇನೆ ಅಂದೆ. ದೊಡ್ಡಮ್ಮ, ಎಷ್ಟು ಗಟ್ಟಿ ಬೇಕೋ ಬಂದು ನೋಡಿ ಹೇಳು ಅಂದರು. ಎರಡು ಪಾತ್ರೆಯನ್ನೂ ಗಟ್ಟಿ ಮಾಡುತ್ತಾರಂತೆ. ಎರಡು ಯಾಕೆ, ಆಲೂಗಡ್ಡೆಯದು ಸಾಕು ಅಂದೆ. ಅವರು ಸೌಟು ತೊಳೆಯಲು ಆಚೆ ತಿರುಗಿದರು.

ಏಪ್ರಿಲ್ ೧೧, ಶುಕ್ರವಾರ

ಇವರು ಪಕ್ಕದಲ್ಲೇ ದಿಂಬಿಗೆ ಒರಗಿ ಕೂತಿದ್ದಾರೆ.

ಹೊರಟಾಗ ಇನ್ನೂ ಬಿಸಿಲಿತ್ತು. ಇವರ ಎಡಗೈಯಲ್ಲಿ ಕೋಲು, ಬಲಗಡೆ ಸಲೂನಿನ ತಮ್ಮ. ನಾನು ಹಿಂದೆ. ಇವರ ಬೆನ್ನು ನೋಡುತ್ತ ನಡೆಯುವುದು ನನಗೆ ಹೊಸದು, ಯಾವಾಗಲೂ ನಾನೇ ಮುಂದೆ ದಾಪುಗಾಲು ಹಾಕುವವಳು. ಎರಡು ಕಡೆ ನಿಂತು ಸುಧಾರಿಸಿಕೊಂಡರು.

ಹೋಟೆಲಿನಲ್ಲಿ ಎಲ್ಲರೂ ನೋಡಿದರು, ಆಮೇಲೆ ನೋಡದವರ ಹಾಗೆ ತಮ್ಮ ತಮ್ಮ ತಟ್ಟೆಗೆ ಬಗ್ಗಿದರು. ಮೊದಲು ನಾನು ಅಡುಗೆಮನೆಗೆ ಹೋಗಿ, ಎರಡು ಪಾತ್ರೆಗೂ ಚಮಚ ಅದ್ದಿ ಓರೆ ಮಾಡಿ ನೋಡಿದೆ. ಕುಂಬಳಕಾಯಿಯದು ಬೇಗ ಜಾರಿತು. ಅದು ಹೇಗಿದ್ದರೆ ನಮಗೇನು ಅಂದುಕೊಂಡೆ, ಆದರೂ ಹದ ಸಾಲದು ಅಂತ ಬಾಯಿಗೆ ಬಂದುಬಿಟ್ಟಿತು. ದೊಡ್ಡಮ್ಮ ಬೆಂದ ಹೋಳುಗಳನ್ನು ಇನ್ನಷ್ಟು ಹಿಸುಕಿ ಬೆರೆಸಿದರು.

ಆಮೇಲೆ ಇವರು ಕಿಟಕಿಯ ಮುಂದೆ ನಿಂತರು. ನಾನು ಪಕ್ಕದಲ್ಲಿ. ನಮ್ಮ ಹಿಂದೆ ನಾಲ್ಕೈದು ಜನ ಸಾಲಾಗಿ ನಿಂತಿದ್ದರು, ಪೋಸ್ಟಾಫೀಸಿನವರೂ ಇದ್ದರು.

"ಏನು ಬೇಕಪ್ಪಾ?" ಅಂದರು ದೊಡ್ಡಮ್ಮ.

ಇವರು ತುಟಿ ಕೂಡಿಸಿದರು. ಏನೂ ಬರಲಿಲ್ಲ. ಹಿಂದೆ ಯಾರೋ ಕಾಲು ಬದಲಿಸಿದರು. ಹೇಳಿಬಿಡೋಣ, ಮುಗಿದುಹೋಗಲಿ ಅಂತ ನನ್ನ ಪ್ರಾಣ ಒದ್ದಾಡಿತು. ದೊಡ್ಡಮ್ಮ ಸೌಟು ಎತ್ತಿ ಹಿಡಿದು ಇವರ ಮುಖವನ್ನೇ ನೋಡುತ್ತಿದ್ದರು, ಅವಸರ ಅನ್ನುವುದೇ ಇಲ್ಲ.

"ಕುಂ... ಬಳ," ಅಂದರು ಇವರು.

ಅಲ್ಲ ದೊಡ್ಡಮ್ಮ, ಇವರು ಯಾವಾಗಲೂ ಆಲೂಗಡ್ಡೆಯದೇ ತಿನ್ನುವುದು, ಬಾಯಿ ತಪ್ಪಿ ಬಂದಿದೆ ಅಂತ ನಾನು ಶುರುಮಾಡಿದೆ. ಇವರು ಕೋಲನ್ನು ಗೋಡೆಗೆ ಒರಗಿಸಿದರು. ಎಡಗೈಯನ್ನು ನನ್ನ ತೋಳಿನ ಮೇಲಿಟ್ಟು, ಒಂದೊಂದಾಗಿ ಎತ್ತಿಟ್ಟ ಹಾಗೆ ಹೇಳಿದರು. "ಇವಳಿಗೆ... ಆಲೂ. ನನಗೆ... ಕುಂಬಳ."

"ನಿಂದು ಆಯ್ತು," ಅಂದರು ದೊಡ್ಡಮ್ಮ. "ಅವಳದು ಅವಳೇ ಹೇಳ್ಲಿ."

ಹಿಂದೆ ನಿಂತವರು ನಕ್ಕರು. ನಾನು ಒಂದು ಆಲೂಗಡ್ಡೆ ಸೂಪು ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು.

ಕೂತ ಮೇಲೆ ಕೇಳಿದೆ, ಕುಂಬಳಕಾಯಿ ಇಷ್ಟ ಅಂತ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ. ನನಗೆ ಅದು ಕಾಯಿಲೆಯವರ ಊಟ ಅಂತ ತಾತ್ಸಾರ. ಇವರು ಯೋಚಿಸಿ, "ಬಾಯಲ್ಲಿ... ಮೊಳೆ," ಅಂದರು. ಬಾಯಿಯ ಎಡತುದಿ ಕಿವಿಯವರೆಗೆ ಹೋಯಿತು. ಎಂಥ ಕಳ್ಳ ಮನುಷ್ಯನ ಜೊತೆ ಸಂಸಾರ ಮಾಡಿದ್ದೇನೆ ನಾನು!

ಚಮಚ ಇವರ ಎಡಗೈಗೇ ಕೊಟ್ಟೆ. ಮೊದಲನೆಯದು ಅರ್ಧ ಚೆಲ್ಲಿತು. ಎರಡನೆಯದು ಬಾಯಿಗೆ ಹೋಯಿತು. ಗಲ್ಲ ಕೆಳಗೆ, ಒಂದು ಸಲ, ಇನ್ನೊಂದು ಸಲ. ಕಣ್ಣು ಮುಚ್ಚಿಕೊಂಡರು. ಮೂರನೆಯದು. ನಾಲ್ಕನೆಯದಕ್ಕೆ ಕಾಯುತ್ತ ನಾನು ಉಸಿರು ಬಿಗಿಹಿಡಿದೆ, ಅದೂ ಇಳಿಯಿತು. ಆಮೇಲೆ ನಾನು ಲೆಕ್ಕ ಬಿಟ್ಟೆ, ಅಷ್ಟರಲ್ಲೇ ಕೆಮ್ಮು ಬಂತು.

ಆ ದಿನದ ಕೆಮ್ಮೇ. ಮುಖ ಕೆಂಪಾಗಿ, ಕುತ್ತಿಗೆಯ ನರ ಎದ್ದು, ಕಣ್ಣಲ್ಲಿ ನೀರು. ಸಲೂನಿನ ತಮ್ಮ ಅರ್ಧ ಎದ್ದ, ನಾನು ಅವನಿಗೆ ಕಣ್ಣಲ್ಲೇ ಕೂರು ಅಂದೆ. ನನ್ನ ಕೈ ತಾನಾಗಿ ಇವರ ಬೆನ್ನಿಗೆ ಹೊರಟಿತ್ತು. ಅದನ್ನು ಎಳೆದುಕೊಂಡು, ಎರಡು ಅಂಗೈಯನ್ನೂ ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಗಟ್ಟಿಯಾಗಿ ಕೂತೆ. ಕೆಮ್ಮಲಿ, ಕೆಮ್ಮಲಿ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಇನ್ನೊಂದು ಕ್ಷಣ ಹೋಗಿದ್ದರೆ ನಾನು ಕಿರುಚುತ್ತಿದ್ದೆನೋ ಏನೋ. ಇವರು ಎಡಗೈ ಎತ್ತಿ, ಇರು ಅನ್ನುವ ಹಾಗೆ ಅಂಗೈ ತೋರಿಸಿದರು. ಇನ್ನೆರಡು ಸಲ ಕೆಮ್ಮಿದರು. ಉಸಿರು ಎಳೆದುಕೊಂಡರು. ಗಲ್ಲ ಕೆಳಗೆ ಮಾಡಿ, ಉಳಿದದ್ದನ್ನು ನುಂಗಿದರು.

ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಕಿಟಕಿಯ ಕಡೆ ನೋಡಿದರು. "ಉಪ್ಪು," ಅಂದರು.

ಯಾರಿಗೂ ಏನೂ ಹೊಳೆಯಲಿಲ್ಲ.

"ಉಪ್ಪು ಕಮ್ಮಿ," ಅಂದರು ಇನ್ನೂ ಜೋರಾಗಿ.

ದೊಡ್ಡಮ್ಮ ಉಪ್ಪಿನ ಡಬ್ಬಿ ಹಿಡಿದು ಹೊರಗೇ ಬಂದುಬಿಟ್ಟರು. ನನ್ನ ಹೋಟೆಲಿನಲ್ಲಿ ಇವತ್ತಿನವರೆಗೆ ಯಾರೂ ಹೀಗೆ ಅಂದಿಲ್ಲ, ನೆಟ್ಟಗೆ ಎರಡು ಮಾತು ಬರುವುದರೊಳಗೆ ಇವನದು ದೂರು ಬೇರೆ ಅಂತ ಗೊಣಗುತ್ತಲೇ ಒಂದು ಚಿಟಿಕೆ ಹಾಕಿ, ಕಲಸಿ, ಸಾಕಾ ಅಂದರು. ಇವರು ರುಚಿ ನೋಡಿ, ಇನ್ನೂ ಸ್ವಲ್ಪ ಅಂತ ಬೆರಳು ತೋರಿಸಿದರು. ನನ್ನ ಕೈಯಲ್ಲಿ ಪಿಟ್ಟೆನ್ನದೆ ಉಂಡ ಮನುಷ್ಯ, ಉಪ್ಪು ಸುರಿದರೂ ಸಪ್ಪೆ ಮಾಡಿದರೂ ತಲೆಯಾಡಿಸಿದ ಮನುಷ್ಯ, ಊಟದ ಮೇಲೆ ತಕರಾರು ತೆಗೆಯುತ್ತಿದ್ದಾರೆ. ನನಗೆ ಅಳು ಬಂತು, ಬರಲಿ ಅಂತ ಬಿಟ್ಟೆ. ಎಲ್ಲರೆದುರೂ ಅತ್ತೆ.

ಬಟ್ಟಲು ಖಾಲಿಯಾಯಿತು. ಪೂರ್ತಿ. ಬಟ್ಟಲಿನ ಅಂಚಿಗೆ ಅಂಟಿದ್ದನ್ನೂ ಚಮಚದಲ್ಲಿ ಬಳಿದರು. ನನ್ನದು ತಣ್ಣಗಾಗಿ ಕೆನೆ ಕಟ್ಟಿತ್ತು, ಹಾಗೇ ತಿಂದೆ. ಇವರು ಒಂದು ಚಮಚ ತಮ್ಮದರಲ್ಲಿ ಉಳಿಸಿ ನನ್ನ ಬಾಯಿಗೆ ಹಿಡಿದರು. ಕುಂಬಳಕಾಯಿ ಅಷ್ಟೇನೂ ಕೆಟ್ಟದಾಗಿಲ್ಲ.

ನಾಳೆ ಟೀಚರಮ್ಮ ತೂಕದ ಯಂತ್ರ ಹೊತ್ತುಕೊಂಡು ಬರುತ್ತಾಳೆ. ಒಂದು ಬಟ್ಟಲಿಗೆ ಮುಳ್ಳು ಎಷ್ಟು ತಾನೇ ಸರಿಯುತ್ತದೆ, ಗೊತ್ತಿದೆ ನನಗೆ. ದಿನಾ ಕರೆದುಕೊಂಡು ಹೋದರೆ ಸರಿಯುತ್ತದೆ. ನಾಳೆಗೆ ಏನು ತಿನ್ನುತ್ತೀರಿ ಅಂತ ಈಗಷ್ಟೇ ಇವರನ್ನು ಕೇಳಿದೆ. ತುಟಿ ಕೂಡಿಸಿಕೊಂಡು ಯೋಚಿಸುತ್ತಿದ್ದಾರೆ. ಯೋಚಿಸಲಿ, ನನಗೇನೂ ಅವಸರವಿಲ್ಲ.